ಮಾವನವರ ಕಾಟೇಜ್, ಸೊಸೆಯ ಸಾಲ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಸಲಹೆಗೆ ಅಂತ ನನ್ನ ಬಳಿ ಬಂದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆಕೆ ಹಾಸನ ಕಡೆಯವರು, ಟೊರಾಂಟೊದಲ್ಲಿ ಕೆಲಸ. ಗಂಡ ಅಲ್ಲೇ ಹುಟ್ಟಿ ಬೆಳೆದ ಕೆನಡಾದವರು. ಮಾವನವರು 1974ರಲ್ಲಿ ಹ್ಯಾಲಿಬರ್ಟನ್ ಕಡೆ ಒಂದು ಲೇಕ್ ದಂಡೆಯಲ್ಲಿ 22,000 ಡಾಲರಿಗೆ ಕಾಟೇಜ್ ತಗೊಂಡಿದ್ದರು. ಕಾಟೇಜ್ ಅಂದರೆ ದೊಡ್ಡ ಬಂಗಲೆ ಅಲ್ಲ. ಎರಡು ರೂಮಿನ ಮರದ ಮನೆ, ಒಂದು ಸೌದೆ ಒಲೆ, ಲೇಕಿನಿಂದಲೇ ಪಂಪಿನಲ್ಲಿ ಎಳೆದ ನೀರು. ಮಾವ ತೀರಿಕೊಂಡಿದ್ದಾರೆ. ಈಗ ಅದು ಅತ್ತೆಯ ಹೆಸರಲ್ಲಿದೆ, ಬೆಲೆ ಸುಮಾರು ಆರೂವರೆ ಲಕ್ಷ ಡಾಲರ್. ವ್ಯಾಂಕೂವರ್‌ನಲ್ಲಿರುವ ಭಾವ ಮತ್ತು ನಾದಿನಿ ಇಬ್ಬರ ಪಾಲಿಗೂ ದುಡ್ಡು ಕೊಟ್ಟು ಪೂರ್ತಿ ತಾನೇ ಇಟ್ಟುಕೊಳ್ಳಬೇಕು ಅನ್ನೋದು ಗಂಡನ ಹಟ. ಅದಕ್ಕೆ ಟೊರಾಂಟೊ ಮನೆ ಮೇಲೆ ಸಾಲ ತೆಗೆಯಬೇಕು.

"ಮೇಡಂ, ನಮ್ಮೂರಲ್ಲಿ ಮನೆ ಪಾಲು ಆದಾಗ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನ ನೋಡಿದೀನಿ. ಇಲ್ಲೂ ಅದೇ ನಡೀತಿದೆ" ಅಂದರು ಆಕೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿಗೆ ಹೋದರೆ ಎಲ್ಲರಿಗೂ ರಜೆ, ನನಗೆ ಮಾತ್ರ ಹತ್ತು ಜನರ ಅಡುಗೆ" ಅಂತ ಸೇರಿಸಿದರು. ಈ ಎರಡನೇ ಮಾತನ್ನು ಅವರು ಗಂಡನಿಗೆ ಒಮ್ಮೆಯೂ ಹೇಳಿರಲಿಲ್ಲ! ಮೊದಲ ಭೇಟಿಯ ಕೆಲಸ ಇದೇ ಆಯಿತು, ದುಡ್ಡಿನ ಮಾತಿಗೆ ಮುಂಚೆ ಅಡುಗೆಮನೆಯ ಮಾತು.

ಗಂಡನಿಗೆ ಒಂದೇ ಪ್ರಶ್ನೆ ಕೇಳಿದೆ. ಕಾಟೇಜ್ ಹೋದರೆ ಏನು ಹೋಗುತ್ತದೆ? ಅಪ್ಪನ ನೆನಪು ಅಂತಾರೆ ಅಂದುಕೊಂಡಿದ್ದೆ. ಅವರು ಅಂದಿದ್ದು, "ನಾವು ಮೂರು ಜನ ಒಡಹುಟ್ಟಿದವರು ಇನ್ನೆಲ್ಲೂ ಸೇರೋದಿಲ್ಲ" ಅಂತ. ಹಾಗಾದರೆ ಜುಲೈನಲ್ಲಿ ಒಂದು ವಾರ ಯಾವುದಾದರೂ ಕಾಟೇಜ್ ಬಾಡಿಗೆಗೆ ಹಿಡಿದು ಸೇರಬಹುದಲ್ವಾ ಅಂದೆ. ಅದು ಅವರಿಗೆ ಅಷ್ಟು ಹಿಡಿಸಲಿಲ್ಲ. ಬಿಟ್ಟೆ.

ಲೆಕ್ಕಕ್ಕೆ ಬಂದಾಗ ನಿಜವಾದ ತೊಡಕು ಕಂಡಿತು. ಕೆನಡಾದಲ್ಲಿ ಪಿತ್ರಾರ್ಜಿತ ಆಸ್ತಿಗೆ ತೆರಿಗೆ ಇಲ್ಲ ಅಂತ ಎಲ್ಲರೂ ಆರಾಮಾಗಿದ್ದರು. ಆದರೆ ಅಲ್ಲಿ ಒಬ್ಬರು ತೀರಿಕೊಂಡಾಗ ಅವರ ಆಸ್ತಿಯನ್ನು ಆ ದಿನದ ಬೆಲೆಗೆ ಮಾರಿದಂತೆ ಲೆಕ್ಕ ಹಾಕಿ, ಕೊಂಡ ಬೆಲೆಗಿಂತ ಏರಿದ ಲಾಭಕ್ಕೆ ತೆರಿಗೆ ಹಾಕುತ್ತಾರೆ. ಮಾವ ಹೋದಾಗ ಅದು ಹೆಂಡತಿಗೆ ಬಂದದ್ದರಿಂದ ತೆರಿಗೆ ಮುಂದಕ್ಕೆ ಹೋಯಿತು, ಅಷ್ಟೇ. ಅತ್ತೆಯಿಂದ ಮಕ್ಕಳಿಗೆ ಬರುವಾಗ ತಪ್ಪಿಸಿಕೊಳ್ಳುವಂತಿಲ್ಲ, ಬದುಕಿರುವಾಗಲೇ ಒಂದು ಡಾಲರಿಗೆ ಬರೆದುಕೊಟ್ಟರೂ ಮಾರುಕಟ್ಟೆ ಬೆಲೆಯೇ ಲೆಕ್ಕ. ಲಾಭದ ಅರ್ಧ ಭಾಗ ಆದಾಯಕ್ಕೆ ಸೇರುತ್ತದೆ. ಇವರ ಕಾಟೇಜಿಗೆ ಒರಟಾಗಿ ಒಂದೂವರೆ ಲಕ್ಷ ಡಾಲರ್ ತೆರಿಗೆ! ಸ್ವಂತ ವಾಸದ ಮನೆಗೆ ಸಿಗುವ ವಿನಾಯಿತಿಯನ್ನು ಕಾಟೇಜಿಗೂ ಬಳಸಬಹುದು, ಆದರೆ 1982ರಿಂದೀಚೆಗೆ ಗಂಡ ಹೆಂಡತಿ ಸೇರಿ ವರ್ಷಕ್ಕೆ ಒಂದೇ ಮನೆಗೆ. ಅತ್ತೆಯ ಟೊರಾಂಟೊ ಮನೆಯೂ ಬೇಕಾದಷ್ಟು ಏರಿದೆ, ಯಾವುದಕ್ಕೆ ಬಳಸೋದು? ಅದು ಅಕೌಂಟೆಂಟ್ ಕೆಲಸ, ನನ್ನದಲ್ಲ. ಸೆಪ್ಟಿಕ್ ಟ್ಯಾಂಕ್ ಹಾಕಿಸಿದ್ದು, ರೂಮು ಸೇರಿಸಿದ್ದು, ಇಂಥ ಖರ್ಚಿನ ಹಳೇ ರಸೀತಿ ಹುಡುಕಿ ಅಂದೆ. ಅವು ಸಿಕ್ಕಷ್ಟೂ ಲಾಭದ ಲೆಕ್ಕ ಇಳಿಯುತ್ತದೆ.

ತೆರಿಗೆ ಒಮ್ಮೆ. ಖರ್ಚು ಪ್ರತಿ ವರ್ಷ. ಹಿಮ ಬೀಳುವ ಮುಂಚೆ ಪೈಪಿನ ನೀರೆಲ್ಲ ಖಾಲಿ ಮಾಡಬೇಕು, ಇಲ್ಲದಿದ್ದರೆ ಒಡೆಯುತ್ತವೆ. ಮಂಜುಗಡ್ಡೆಗೆ ಸಿಕ್ಕಿ ದೋಣಿ ನಿಲ್ಲಿಸುವ ಡಾಕ್ ಹಾಳಾಗದಂತೆ ನೋಡಬೇಕು. ಮೇ ತಿಂಗಳಲ್ಲಿ ಬಾಗಿಲು ತೆರೆದರೆ ಇಲಿ ಕಾಟ. ಸೌದೆ ಒಲೆ ಇರುವುದರಿಂದ ಇನ್ಶೂರೆನ್ಸ್‌ನವರ ತಪಾಸಣೆ ಬೇರೆ. 1974ರಲ್ಲಿ ಒಂದೇ ಸಂಬಳದಲ್ಲಿ ಮಾವ ಇದೆಲ್ಲ ನಿಭಾಯಿಸಿದ್ದರು, ನಿಜ. ಕೋವಿಡ್ ಹೊತ್ತಿಗೆ ಮನೆಯಿಂದಲೇ ಕೆಲಸ ಅಂತ ಜನ ಮುಗಿಬಿದ್ದು ಬೆಲೆ ಏರಿಸಿದರು. ಆಮೇಲೆ ಬಡ್ಡಿಯೂ ಏರಿತು, ಕೇಂದ್ರ ಬ್ಯಾಂಕಿನ ದರ 2022ರ ಆರಂಭದಲ್ಲಿ 0.25% ಇದ್ದದ್ದು 2023ರ ಜುಲೈ ಹೊತ್ತಿಗೆ 5%. ಈಚೆಗೆ ಇಳಿದಿದೆ. ಆದರೂ ಮಾವನ ಕಾಲದ ಧೈರ್ಯಕ್ಕೆ ಇವತ್ತಿನ ಸಾಲ ಒಗ್ಗುವುದಿಲ್ಲ.

ನನ್ನ ಸಲಹೆ ನೇರವಾಗಿತ್ತು. ಈ ವರ್ಷ ಸಾಲ ಬೇಡ. ಅತ್ತೆಯನ್ನು ಕೇಳಿ, ಯಾಕೆಂದರೆ ಅವರಿಗೇನು ಬೇಕು ಅಂತ ಯಾರೂ ಕೇಳಿರಲೇ ಇಲ್ಲ. ಮಾಲೀಕತ್ವ ಸದ್ಯಕ್ಕೆ ಅವರಲ್ಲೇ ಇರಲಿ. ವರ್ಷದ ಖರ್ಚನ್ನು ಮೂವರೂ ಎಷ್ಟು ವಾರ ಬಳಸುತ್ತಾರೋ ಅದರಂತೆ ಹಂಚಿಕೊಳ್ಳಲಿ. ಎರಡು ವರ್ಷದಲ್ಲಿ ಯಾರಾದರೂ ಕೈ ಎತ್ತಿದರೆ ಮಾರುವ ಮಾತು, ಅದೂ ಕಾಗದದ ಮೇಲೆ, ವಕೀಲರ ಮುಂದೆ. ಅಡುಗೆಯೂ ಸರದಿಯಲ್ಲಿ, ಅದನ್ನೂ ಬರೆಯಿರಿ ಅಂದೆ. ಗಂಡ ನಕ್ಕರು. ಆಕೆ ನಗಲಿಲ್ಲ.

ನಾದಿನಿ ಇಷ್ಟು ದಿನ ಫೋನ್ ಎತ್ತದೆ ಇದ್ದದ್ದು ಕೋಪಕ್ಕಲ್ಲ. ತನ್ನ ಪಾಲಿನ ಖರ್ಚು ಕೊಡುವ ಶಕ್ತಿಯಿಲ್ಲ ಅಂತ ಹೇಳೋಕೆ ನಾಚಿಕೆ. ಇದು ಗೊತ್ತಾದ ಮೇಲೆ ಗಂಡ ಸ್ವಲ್ಪ ಮೆತ್ತಗಾದರು. ನಾದಿನಿ ಒಂದು ವಾರ ಮಾತ್ರ ಬಳಸಿ, ಒಂದು ವಾರದ್ದೇ ಕೊಡುತ್ತಾರಂತೆ. ವ್ಯಾಂಕೂವರ್ ಭಾವ ಇನ್ನೂ ಸಹಿ ಹಾಕಿಲ್ಲ. ಮುಂದಿನ ಭೇಟಿಗೆ ಅಕೌಂಟೆಂಟ್ ಕೊಟ್ಟ ಲೆಕ್ಕ ತರೋಕೆ ಹೇಳಿದ್ದೇನೆ.