ನಗದ ಕೌಬಾಯ್, ಹುಳಿ ವಾಸನೆಯ ರೀಲು

ಪ್ರಶ್ನೆ: ತಾತನ ಟ್ರಂಕಿನಲ್ಲಿ ಹಾಲಿವುಡ್ ಹಾಸ್ಯನಟ ಬಸ್ಟರ್ ಕೀಟನ್‌ನ ಮೂಕಿ ಹಾಸ್ಯಚಿತ್ರದ 8 ಎಂಎಂ ರೀಲು ಸಿಕ್ಕಿದೆ. ಯೂಟ್ಯೂಬಿನಲ್ಲೇ ನೋಡಬಹುದಾದಾಗ ಇದಕ್ಕೇನು ಬೆಲೆ? ಇಟ್ಟುಕೊಳ್ಳಲೇ, ಮಾರಲೇ?

ಉತ್ತರ: ಮೊದಲು ಡಬ್ಬಿ ತೆಗೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮು ಕೆಡುತ್ತಿದೆ ಅಂತ ಅರ್ಥ. ಬೇರೆ ರೀಲುಗಳ ಹತ್ತಿರ ಇಡಬೇಡಿ. ವಾಸನೆ ಇಲ್ವಾ? ಅಂಚಿನ ತೂತು ನೋಡಿ. ದೊಡ್ಡ ತೂತು, ಎರಡು ಚಿತ್ರಗಳ ನಡುವಿನ ಗೆರೆಗೆ ಸರಿಯಾಗಿದ್ದರೆ ಅದು 1932ರಲ್ಲಿ ಬಂದ ಹಳೇ 8 ಎಂಎಂ. ಚಿಕ್ಕ ತೂತು ಚಿತ್ರದ ನಡುಮಟ್ಟಕ್ಕಿದ್ದರೆ ಅದೇ ಅಗಲದ, 1965ರ ಸೂಪರ್ 8. ಒಂದರ ಪ್ರೊಜೆಕ್ಟರಿಗೆ ಇನ್ನೊಂದನ್ನು ತುರುಕಬೇಡಿ. ನಾನು ತುರುಕಿ ಎರಡು ಅಡಿ ಹರಿದುಕೊಂಡಿದ್ದೇನೆ.

ದುಡ್ಡಿನ ಆಸೆ ಜಾಸ್ತಿ ಬೇಡ. ಅಮೆರಿಕದ ಬ್ಲ್ಯಾಕ್‌ಹಾಕ್ ಫಿಲ್ಮ್ಸ್‌ನಂಥವರು ಮನೆಬಳಕೆಗೆಂದೇ ಇಂಥ ರೀಲುಗಳನ್ನು ಬೇಕಾದಷ್ಟು ಮಾರಿದ್ದರು.

ಆದರೂ ನಾನಂತೂ ಮಾರುವುದಿಲ್ಲ. ನನ್ನ ಹತ್ತಿರ ಕೀಟನ್ ಕೌಬಾಯ್ ಆಗಿರುವ 1925ರ ‘ಗೋ ವೆಸ್ಟ್’ನ ತುಣುಕೊಂದಿದೆ. ಇಸ್ಪೀಟು ಮೇಜಿನಲ್ಲಿ ನೀನು ಮೋಸ ಮಾಡಿದೆ ಅಂತ ಕೀಟನ್ ಹೇಳಿದಾಗ ಎದುರಿನವನು ಪಿಸ್ತೂಲು ಹಿಡಿದು, ಆ ಮಾತನ್ನು ನಗುತ್ತಾ ಹೇಳು ಅಂತಾನೆ. ತೆರೆಯ ಮೇಲೆ ನಗದಿರುವುದಕ್ಕೇ ಹೆಸರಾದ ಕೀಟನ್‌ಗೆ ನಗು ಬಂದರೆ ತಾನೇ! ಎರಡು ಬೆರಳಿಂದ ತುಟಿಯ ಕೊನೆಗಳನ್ನು ಮೇಲಕ್ಕೆತ್ತುತ್ತಾನೆ. ಕಣ್ಣು ಮಾತ್ರ ಹಾಗೇ, ಸಾಲ ಕೇಳಲು ಬಂದವನ ಕಣ್ಣು. ಅವನ ಪ್ರೀತಿಯೆಲ್ಲ ಬ್ರೌನ್ ಐಸ್ ಎಂಬ ಹಸುವಿನ ಮೇಲೆ.

ಗೋಡೆಗೆ ಬಿಳಿ ಪಂಚೆ ಕಟ್ಟಿ, ವೇಗ ಸೆಕೆಂಡಿಗೆ 18 ಚಿತ್ರಕ್ಕಿಟ್ಟರೆ 200 ಅಡಿ ಸೂಪರ್ 8 ಸುಮಾರು 13 ನಿಮಿಷ ಓಡುತ್ತದೆ. ಬಲ್ಬಿನ ಬಿಸಿ, ಟರ್‌ಟರ್ ಸದ್ದು, ಪಕ್ಕದ ಮನೆ ಮಕ್ಕಳ ಕೇಕೆ. ಯೂಟ್ಯೂಬಿನಲ್ಲಿ ಇದೆಲ್ಲಿ ಬರುತ್ತೆ?