ಮನೆ ಮಂಜೂರಾಗಿದೆ, ಸಂಸ್ಥೆಯವರನ್ನು ನಂಬಬಹುದಾ?

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ನಾನು ಮೀನು ಮಾರುತ್ತೇನೆ, ನಮ್ಮನೆಯವರು ಬೋಟಿಗೆ ಹೋಗುತ್ತಾರೆ. ಪ್ರಧಾನಮಂತ್ರಿ ಆವಾಸ್ ಮನೆ ಮಂಜೂರಾಗಿದೆ. ಕಡಿಮೆ ಬಿದ್ದ ಹಣಕ್ಕೆ ಒಂದು ಸೇವಾ ಸಂಸ್ಥೆಯವರು ನೆರವಾಗುತ್ತಾರಂತೆ. ನಂಬಬಹುದಾ ಅಕ್ಕಾ?

ಉತ್ತರ: ಕೇಳಿ, ನೋಡಿ ನಂಬಿ ತಂಗಿ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ನಿಮ್ಮ ಕಡೆಗೆ 1.20 ಲಕ್ಷ ರೂಪಾಯಿ. ಕಂತುಕಂತಾಗಿ ನೇರ ಫಲಾನುಭವಿಯ ಖಾತೆಗೇ ಬರುತ್ತದೆ. ಶೌಚಾಲಯಕ್ಕೆ 12,000 ಬೇರೆ. ಚಿರೆಕಲ್ಲು, ಮರಳಿನ ಈಗಿನ ರೇಟಿಗೆ ಅದು ಸಾಲದು, ಅಲ್ವಾ? ಅಂಥ ಕಡೆ ಒಳ್ಳೆಯ ಸಂಸ್ಥೆ ನಿಜಕ್ಕೂ ಕೈಹಿಡಿಯುತ್ತದೆ. ಅವರು ಮೊದಲು ಕಟ್ಟಿಸಿಕೊಟ್ಟ ಎರಡು ಮನೆಗೆ ಹೋಗಿ, ಅಲ್ಲಿಯ ಹೆಂಗಸರ ಹತ್ತಿರ ಮಾತಾಡಿ. ಕೊಡುವುದು ಸಾಲವೋ, ದಾನವೋ ಬರೆಸಿಕೊಳ್ಳಿ.

ಪಾಸ್‌ಬುಕ್, ಎಟಿಎಂ ಕಾರ್ಡ್ ಮಾತ್ರ ಯಾರಿಗೂ ಕೊಡಬೇಡಿ. ನನ್ನ ಚಿಕ್ಕಮ್ಮ ಮೇಸ್ತ್ರಿಗೆ ಕೊಟ್ಟಿದ್ದರು. ಗೋಡೆ ಲಿಂಟಲ್‌ವರೆಗೆ ಬಂದು ನಿಂತಿತು. ಎರಡು ಮಳೆಗಾಲ ತಾಡಪಾಲಿನಡಿ ಕಳೆದರು. ಚಿರೆಕಲ್ಲಿನ ಮೇಲೆ ಹಸಿರು ಪಾಚಿ, ಕೈಯಿಟ್ಟರೆ ಜಾರುತ್ತಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮನೆ ನಿಮ್ಮ ಹೆಸರಿಗೆ ಅಥವಾ ಇಬ್ಬರ ಹೆಸರಿಗೂ ಇರಲಿ. ಹಿಂದುಗಡೆ ಮೀನಿನ ಬುಟ್ಟಿ ತೊಳೆಯಲು ಒಂದು ಕಟ್ಟೆ ಬೇಕೆಂದು ಪಾಯ ತೆಗೆಯುವ ಮುಂಚೆಯೇ ಹೇಳಿಬಿಡಿ.