ತೊಗಲಿಲ್ಲದ ತೊಗಲು ಗೊಂಬೆ: ನಾಲ್ಕನೇ ತರಗತಿಗೆ

ಮೇಡಂ, ಕ್ಲಾಸಿನಲ್ಲಿ ಮಕ್ಕಳ ಕೈಯಲ್ಲಿ ಏನು ಮಾಡಿಸಲಿ ಅಂತ ಇಲ್ಲಿ ಕೇಳಿದ್ದೀರಿ. ನಾಲ್ಕನೇ ತರಗತಿ, ಮೂವತ್ತು ಚಿಲ್ಲರೆ ಮಕ್ಕಳು, ಖರ್ಚು ಮಾಡಲು ದುಡ್ಡಿಲ್ಲ, ಚಿತ್ರಕಲೆಯೂ ಇರಬೇಕು, ಸ್ವಲ್ಪ ಇಂಜಿನಿಯರಿಂಗೂ ಇರಬೇಕು ಅಂದಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಥರ್ಮಾಕೋಲ್ ಜ್ವಾಲಾಮುಖಿ ಮಾಡಿಸಿ ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಅದನ್ನು ಮಾಡುವುದು ಅಪ್ಪ ಅಮ್ಮ, ಮಕ್ಕಳು ಸುಮ್ನೆ ಹೊತ್ತು ತರುತ್ತಾರೆ. ನೆರಳಿನ ಗೊಂಬೆ ಮಾಡಿಸಿ. ನಮ್ಮ ತೊಗಲು ಗೊಂಬೆಯಾಟದ್ದೇ ದಾರಿ, ಮೇಕೆ ತೊಗಲಿನ ಬದಲು ರಟ್ಟು ಅಷ್ಟೇ.

ಹಳೆ ಮದುವೆ ಕಾರ್ಡು, ಪೊರಕೆಯ ತೆಂಗಿನ ಕಡ್ಡಿ, ದಪ್ಪ ದಾರ, ದಬ್ಬಣ, ಒಂದು ಬಿಳಿ ಪಂಚೆ, ಮೊಬೈಲ್ ಟಾರ್ಚು ಇದ್ದರೆ ಸಾಕು. ದಬ್ಬಣ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ನಾಲ್ಕು ಮಕ್ಕಳಿಗೆ ಒಂದು ಗೊಂಬೆ, ಎತ್ತರ ಒಂದು ಅಡಿಯೊಳಗೆ.

ಅಚ್ಚು ಕೊಡಬೇಡಿ, ಅವರೇ ಬರೆಯಲಿ. ಕೋಳಿಯಾದರೂ ಸರಿ, ಹೆಡ್‌ಮಾಸ್ಟರ್ ಆದರೂ ಸರಿ. ಬರೆದ ಮೇಲೆ ಮೈ, ತೋಳು, ಮುಂಗೈ ಬೇರೆ ಬೇರೆ ಕತ್ತರಿಸಬೇಕು. ಮಕ್ಕಳು ಭುಜದ ಗೆರೆಗೇ ಸರಿಯಾಗಿ ಕತ್ತರಿಸುತ್ತಾರೆ. ಆಮೇಲೆ ಒಂದರ ಮೇಲೊಂದು ಇಟ್ಟು ಹೊಲಿಯಲು ಜಾಗವೇ ಇರುವುದಿಲ್ಲ. ಎರಡು ಸೆಂ.ಮೀ. ಜಾಸ್ತಿ ಬಿಡಿ ಅಂತ ನೀವು ಮೊದಲೇ ಹೇಳಬೇಡಿ. ಒಂದು ತೋಳು ಹಾಳಾಗಲಿ ಬಿಡಿ, ಮದುವೆ ಕಾರ್ಡಿಗೇನು ಬರವೇ?

ಅಸಲಿ ಇಂಜಿನಿಯರಿಂಗ್ ಇರುವುದು ಕೀಲಿನಲ್ಲಿ. ಅಂಚಿನಿಂದ ಒಂದು ಸೆಂ.ಮೀ. ಒಳಗೆ ತೂತು ಮಾಡಿ, ಇಲ್ಲದಿದ್ದರೆ ಕಾರ್ಡು ಹರಿಯುತ್ತದೆ. ಪಂಚಿಂಗ್ ಮಷೀನಿನ ತೂತು ತುಂಬಾ ದೊಡ್ಡದು, ಗಂಟು ಜಾರಿ ಬರುತ್ತದೆ. ದಾರ ಪೋಣಿಸಿ ಎರಡೂ ಬದಿ ಗಂಟು ಹಾಕಬೇಕು. ಬಿಗಿಯಾದರೆ ಕೈ ಅಲ್ಲಾಡುವುದಿಲ್ಲ, ಸಡಿಲವಾದರೆ ಮಗುಚಿಕೊಳ್ಳುತ್ತದೆ. ಎರಡನೇ ಗಂಟಿನ ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟು ಬಿಗಿದು, ಆಮೇಲೆ ಕಡ್ಡಿ ಎಳೆದುಬಿಡಿ. ಬೇಕಾದಷ್ಟೇ ಸಡಿಲ ಸಿಗುತ್ತದೆ. ಯಾರಾದರೂ ಗಟ್ಟಿಯಾಗಲಿ ಅಂತ ಎರಡು ಕಡೆ ಹೊಲಿದೇ ಹೊಲಿಯುತ್ತಾರೆ. ಕೈ ಯಾಕೆ ತಿರುಗುತ್ತಿಲ್ಲ ಅಂತ ಅವರನ್ನೇ ಕೇಳಿ.

ಗೊಂಬೆಯ ಕೈ ಆಡಿಸುವ ತೆಂಗಿನ ಕಡ್ಡಿಯನ್ನು ಮೊದಲು ಟೇಪಿನಲ್ಲಿ ಅಂಟಿಸಿ ನೋಡಲಿ. ಭುಜದ ಹತ್ತಿರ ಕಟ್ಟಿದರೆ ಚೂರು ತಳ್ಳಿದರೂ ಇಡೀ ತೋಳು ಬೀಸುತ್ತದೆ, ಆದರೆ ಮುಂಗೈ ಜೋತು ಬೀಳುತ್ತದೆ. ಅಂಗೈಗೆ ಕಟ್ಟಿದರೆ ಮೊಣಕೈ ತಾನಾಗಿ ಮಡಚುತ್ತದೆ. ಕೊಪ್ಪಳ ಜಿಲ್ಲೆ ಮೋರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ವಾ, ಅವರ ಆಟದ ವಿಡಿಯೋ ತೋರಿಸುವುದಾದರೆ ಈ ಹಂತದಲ್ಲಿ ತೋರಿಸಿ. ಕೈಯಲ್ಲಿ ಕಡ್ಡಿ ಹಿಡಿದ ಮಕ್ಕಳು ಅದನ್ನು ನೋಡುವ ರೀತಿಯೇ ಬೇರೆ.

ಬಣ್ಣದ ವಿಷಯ. ತೊಗಲಿನಲ್ಲಿ ಬೆಳಕು ಹಾಯುತ್ತದೆ, ಅದಕ್ಕೇ ಪರದೆ ಮೇಲೆ ಕೆಂಪು ಹಸಿರು ಕಾಣುತ್ತದೆ. ಕಾರ್ಡಿನ ನೆರಳು ಬರೀ ಕಪ್ಪು. ಅದಕ್ಕೆ ಸೀರೆ, ಕಿರೀಟ ಇರುವ ಕಡೆ ಕಿಟಕಿ ಕತ್ತರಿಸಿ, ಹಿಂದಿನಿಂದ ಬಿಳಿ ಹಾಳೆ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಬಣ್ಣ ಹಾಕಿಸಿ. ಗೋಂದು ಒಣಗಿದ ಮೇಲೆ ಹತ್ತಿಯಲ್ಲಿ ಚೂರೇ ಚೂರು ಕೊಬ್ಬರಿ ಎಣ್ಣೆ ಸವರಿ. ಹಾಳೆಯ ನಾರಿನ ಸಂದುಗಳಲ್ಲಿ ಗಾಳಿಯ ಬದಲು ಎಣ್ಣೆ ತುಂಬುವುದರಿಂದ ಬೆಳಕು ಚದುರುವುದು ಕಡಿಮೆಯಾಗಿ ಬಣ್ಣ ಹೊಳೆಯುತ್ತದೆ. ಎಣ್ಣೆ ಮೊದಲು ಹಚ್ಚಿದರೆ ಗೋಂದು ಹಿಡಿಯುವುದಿಲ್ಲ. ಕ್ರೆಯಾನ್ ಬೇಡ, ಎಣ್ಣೆಗೆ ಕಲಸಿಹೋಗುತ್ತದೆ.

ಟಾರ್ಚನ್ನು ಪಂಚೆಯಿಂದ ಆರು ಅಡಿ ದೂರದ ಬೆಂಚಿನ ಮೇಲೆ ಇಡಿ. ಗೊಂಬೆ ಪಂಚೆಗೆ ಒತ್ತಿಕೊಂಡಿದ್ದರೆ ನೆರಳು ಅದರಷ್ಟೇ. ಟಾರ್ಚಿನಿಂದ ಮೂರು ಅಡಿಯಲ್ಲಿ ಹಿಡಿದರೆ ಎರಡರಷ್ಟು, ಎರಡು ಅಡಿಯಲ್ಲಿ ಮೂರರಷ್ಟು. ಸ್ಕೇಲ್ ಕೊಟ್ಟು ಅಳೆಸಿ, ಭಾಗಾಕಾರದ ಪಾಠವೂ ಆಯಿತು. ಟ್ಯೂಬ್‌ಲೈಟ್ ಆರಿಸದಿದ್ದರೆ ನೆರಳು ಮಂಕಾಗುತ್ತದೆ. ಬೆಳಕನ್ನು ನೇರ ಕಣ್ಣಿಟ್ಟು ನೋಡಬೇಡಿ ಅಂತ ಮೊದಲೇ ಹೇಳಿಬಿಡಿ.

ಎಲ್ಲವನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ. ಬರೆದು ಕತ್ತರಿಸುವುದು ಒಂದು ದಿನ, ಕೀಲು ಮತ್ತು ಕಡ್ಡಿ ಒಂದು ದಿನ, ಬಣ್ಣ ಮತ್ತು ಆಟ ಇನ್ನೊಂದು ದಿನ. ಕಲಿಕಾ ಹಬ್ಬಕ್ಕೆ ಎತ್ತಿಡುವುದಾದರೆ ಗೊಂಬೆಗಳ ನಡುವೆ ನ್ಯೂಸ್‌ಪೇಪರ್ ಹಾಕಿ, ಇಲ್ಲದಿದ್ದರೆ ಎಣ್ಣೆ ಒಂದರಿಂದ ಒಂದಕ್ಕೆ ಹಿಡಿಯುತ್ತದೆ.